ಹತ್ತರಿಂದ ಐದರವರೆಗೆ

ಹತ್ತರಿಂದ ಐದರವರೆಗೆ ಕರೆಂಟಿರುವುದಿಲ್ಲ ಎಂದು
ನಿನ್ನೆಯೇ ಚಿಂತಾಮಣಿ ಪೂರ್ತಿ
ಆಟೋದಲ್ಲಿ ಕೂಗಿಕೊಂಡು ಹೋಗಿದ್ದರು.
ನನ್ನ ಪಿಕೋ ಮಿಷನ್ನು
ಆಯುಧಪೂಜೆಯ ಚೆಂಡುಹೂವಿನ್ನೂ ಕೊರಳಲ್ಲಿ,
ಹಣೆಗೆ ಒಣಗಿದ ಕುಂಕುಮ,
ಮದುವೆ ಮುಗಿದ ಮೇಲೆ ಬಸ್ಸು ತಪ್ಪಿದ ನೆಂಟನಂತೆ
ಸುಮ್ಮನೆ ಕೂತಿದೆ.

ದಕ್ಷಿಣದ ಬಾಗಿಲು ಆಗಿಬರಲ್ಲ ಅಂದಿದ್ದರು ಎಲ್ಲರೂ.
ಬಾಡಿಗೆ ಕಮ್ಮಿ ಎಂದು ಹಿಡಿದ ಅಂಗಡಿ ಇದು.
ಶ್ರಾವಣದಲ್ಲಿ ಹೊಸ್ತಿಲಲ್ಲೇ ನಿಲ್ಲುತ್ತಿದ್ದ ಬಿಸಿಲು
ಈಗ ಅಡ್ವಾನ್ಸೂ ಕೊಡದೆ ಒಳಗೆ ಬಂದು
ಕತ್ತರಿಯ ಪಕ್ಕ ಕಾಲು ಚಾಚಿದೆ.
ಬೈಯುವ ಬಿಸಿಲಲ್ಲ. ಇರಲಿ.

ಎದುರಿನ ಹಿಟ್ಟಿನ ಗಿರಣಿಯೂ ನಿಂತಿದೆ.
ಹನ್ನೊಂದು ವರ್ಷದಿಂದ ಅದರ ಸದ್ದಿನ ಹಿಂದೆ
ಒಂದು ಹಕ್ಕಿ ಕೂಗುತ್ತಲೇ ಇತ್ತೋ ಏನೋ.
ಟ್ಟುಕ್, ಟ್ಟುಕ್, ಎಲ್ಲೋ ಹುಣಸೇಮರದೊಳಗಿಂದ,
ಯಾರೋ ಹೊಲಿಗೆ ಬಿಚ್ಚುತ್ತಿರುವ ಹಾಗೆ.
'ಯಾವ ಹಕ್ಕಿ ಬಾಬಾಜಾನ್?'
'ನಂಗೂ ಇವತ್ತೇ ಪರಿಚಯ,' ಅಂದ.
ಹಿಟ್ಟಿಲ್ಲದ ಅವನ ಹುಬ್ಬು ಕಪ್ಪಗಿತ್ತು.
ಒಂದು ಗಳಿಗೆ ನನಗೆ ಗುರುತೇ ಹತ್ತಲಿಲ್ಲ.

ಅಂಬಾಜಿದುರ್ಗದ ಕಡೆಯಿಂದ ಮುನಿಲಕ್ಷ್ಮಮ್ಮ
ತಲೆ ಮೇಲೆ ಸೀತಾಫಲದ ಪುಟ್ಟಿ.
ಬೆಲೆ ಕನ್ನಡದಲ್ಲಿ ಹೇಳಿ
ಹಣ್ಣು ತೆಲುಗಿನಲ್ಲಿ ಎಣಿಸುತ್ತಾಳೆ,
ಕೊಸರು ಕೇಳಿದರೆ ಎರಡೂ ಬರುವುದಿಲ್ಲ.
'ಕಣ್ಣು ಬಿಟ್ಟಿರೋದು ಇವತ್ತಿಗೆ,
ಬಿಡದಿರೋದು ನಾಳಿದ್ದಿಗೆ.'
ನಾಳಿದ್ದಿನದನ್ನು ರಾಗಿ ಡಬ್ಬದಲ್ಲಿ ಹುದುಗಿಸಿದೆ.
ಇವತ್ತಿನದು ಅಂಗೈಯಲ್ಲೇ ಬಿರಿಯಿತು.

ಬೀಜ ಉಗಿದದ್ದು ಹಳೆ ಬಿಲ್ಲಿನ ಮೇಲೆ.
ಕಪ್ಪು, ನುಣುಪು, ತೂತಿಲ್ಲದ ಗುಂಡಿಗಳು.
ಅಜ್ಜಿ ಇವನ್ನೇ ಅರೆದು ನನ್ನ ತಲೆಗೆ ಮೆತ್ತಿ
'ಉರಿಯುತ್ತೆ, ಕಣ್ಣು ಮುಚ್ಚಿಕೋ' ಅನ್ನುತ್ತಿದ್ದಳು.
ಹೇನು ಸತ್ತವೋ ಬಿಟ್ಟವೋ,
ಮುಚ್ಚಿದ ಕಣ್ಣೊಳಗೆ ಆಗ ಓಡಾಡಿದ ಬಣ್ಣಗಳು
ಇನ್ನೂ ಸತ್ತಿಲ್ಲ.

ಬಣ್ಣ ಅಂದರೆ,
ಹೋದ ವಾರ ಬಸ್ಸಿನ ಕಿಟಕಿಯಲ್ಲಿ
ಹೂಬಿಟ್ಟ ಹುಚ್ಚೆಳ್ಳಿನ ಹೊಲ.
ನೂರಾ ನಲವತ್ತು ಬಗೆಯ ದಾರ ಇದೆ ನನ್ನ ಹತ್ತಿರ,
ಆ ಹಳದಿ ಇಲ್ಲ. ಅದಕ್ಕೆ ಹತ್ತಿರದ್ದಿದೆ.
ಯಾವ ಸೀರೆಗಾದರೂ
ನಾವು ಹಾಕುವುದು ಹತ್ತಿರದ್ದನ್ನೇ,
ಯಾರೂ ಇಲ್ಲಿಯವರೆಗೆ ಜಗಳಕ್ಕೆ ಬಂದಿಲ್ಲ.

ಮೇಲಿನ ಹಲಗೆಯಲ್ಲಿ ಬದನೆ ಬಣ್ಣದ ಒಂದು ಸೀರೆ.
ಚೀಟಿಯಲ್ಲಿ: 'ಗಿರಿಜಾಂಬ, ಶುಕ್ರವಾರ.'
ಯಾವ ಶುಕ್ರವಾರ ಎಂದು ಬರೆದುಕೊಂಡಿಲ್ಲ.
ಮೂರು ವರ್ಷ ಆಯಿತು. ಮಡಿಕೆಯಲ್ಲಿ ಹರಿಯದಿರಲೆಂದು
ಆಗಾಗ ಬಿಚ್ಚಿ ಬೇರೆ ಥರ ಮಡಿಸುತ್ತೇನೆ.
ಇವತ್ತು ಬಿಚ್ಚಿದವಳು
ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು
ಕನ್ನಡಿಯ ಮುಂದೆ ನಿಂತೆ.
ಅಲ್ಲಿದ್ದವಳು ಕೇಳಿದಳು: 'ರೆಡಿ ಆಯ್ತಾ?'
'ಯಾವಾಗಲೋ ಆಯ್ತು,' ಅಂದೆ.
ದುಡ್ಡಿನ ಮಾತು ಇಬ್ಬರೂ ಎತ್ತಲಿಲ್ಲ.

ಮಧ್ಯಾಹ್ನ ನಾಲ್ಕು ಹನಿ. ಎಣಿಸಿದಂತೆ ನಾಲ್ಕೇ.
ಬೀದಿಯ ಮಣ್ಣು ಮೂಗೆತ್ತಿತು, ಮಳೆ ಅಷ್ಟರಲ್ಲಿ ಹೊರಟುಹೋಗಿತ್ತು.
ಬಾಬಾಜಾನ್ ಬೇಯಿಸಿದ ಹಸಿ ಕಡಲೆಕಾಯಿ ತಂದ,
ಸಿಪ್ಪೆಯೊಳಗಿನ ಉಪ್ಪುನೀರನ್ನು
ಇಬ್ಬರೂ ಸದ್ದು ಮಾಡಿಯೇ ಹೀರಿದೆವು.
ಮನೆಯಲ್ಲಾದರೆ ಬೈಗುಳ.
ಎರಡು ಜೊಳ್ಳು ಸಿಕ್ಕವು, ಅವನಿಗೆ ಒಂದೂ ಇಲ್ಲ.

ಮೂರೂವರೆಗೆ ಫಕ್ಕನೆ ಮಿಷನ್ನಿನ ದೀಪ ಹತ್ತಿತು.
ಅಷ್ಟು ಬೇಗ ರಿಪೇರಿ ಮಾಡುವವರಲ್ಲ ಅವರು,
ಇವತ್ತೇ ಯಾಕೋ ಹುರುಪು.
ತಲೆ ಮೇಲೆ ಫ್ಯಾನು ಒಲ್ಲದ ಮನಸ್ಸಿನಿಂದ ತಿರುಗಿತು,
ಬಿಲ್ಲು ಹಾರಿತು, ಬೀಜಗಳು ನೆಲಕ್ಕೆ ಚೆಲ್ಲಿದವು.
ಪ್ಲಗ್ಗು ಕಿತ್ತು
ಬೀಜಗಳನ್ನು ಒಂದೊಂದೇ ಆಯುತ್ತ ಕೂತೆ.

ಎದುರುಗಡೆ ರಾಗಿ ಡಬ್ಬ ಹೊತ್ತು
ಯಾರೋ ಹೆಂಗಸು ಬಂದಳು.
'ಕರೆಂಟಿಲ್ಲಮ್ಮ, ಐದರ ಮೇಲೆ ಬಾ,'
ಚೀಲದ ಮೇಲೆ ಒರಗಿಕೊಂಡೇ ಹೇಳಿದ ಬಾಬಾಜಾನ್.
ಅವನ ತಲೆ ಮೇಲೆ ಬಲ್ಬು ಉರಿಯುತ್ತಿತ್ತು.
ಅವಳು ಬಲ್ಬು ನೋಡಿದಳು, ಅವನನ್ನು ನೋಡಿದಳು,
ಡಬ್ಬ ಇಳಿಸಿ
ಜಗುಲಿಯ ಮೇಲೆ ಕೂತಳು.
ಟ್ಟುಕ್, ಅಂತು ಹುಣಸೇಮರ.