ಪಂಚರು ಒಂದು

ಬೆಳಗ್ಗೆ ಆರೂಕಾಲು. ಶಟರು ಇನ್ನೂ ಅರ್ಧ ಎತ್ತಿದ್ದೆ,
ಜೀಪು ಬಂದು ನಿಂತಿತು.
'ಬಾರಯ್ಯ ಶಾಂತರಾಜು, ಹತ್ತು ನಿಮಿಷ, ಒಂದು ಸಹಿ.'
ಪಕ್ಕದ ಪಂಚರ್ ಅಂಗಡಿ ಅಕ್ರಮ್‌ನನ್ನೂ ಹತ್ತಿಸಿಕೊಂಡರು.
'ಪಂಚರಿಗೆ ಪಂಚರ್‌ನೋನೇ ಸಿಕ್ಕಿದ' ಅಂತ ಯಾರೋ ನಕ್ಕರು.
ನಾವೂ ನಕ್ಕೆವು. ನಗದೆ?

ಹೇರೋಹಳ್ಳಿ ಕೆರೆಯಾಚೆ ಖಾಲಿ ಸೈಟು.
ಪಾರ್ಥೇನಿಯಂ, ಒಡೆದ ಕಮೋಡು,
ಸುಣ್ಣದಲ್ಲಿ ಎಳೆದ ಒಂದು ವೃತ್ತ, ಅದರೊಳಗೆ
ಇನ್ನೂ ಒಣಗದ್ದು.
ಹುಡುಗನನ್ನು ಆಗಲೇ ಒಯ್ದಿದ್ದರು.
ಚಪ್ಪಲಿ ಒಂದು ಉಳಿದಿತ್ತು, ಎಡಗಾಲಿನದು,
ಉಂಗುಟ ಕಿತ್ತು ಪಿನ್ನು ಚುಚ್ಚಿದ್ದು.

ಕಾಗದ ಬರೆದಾಗಿತ್ತು.
ಬಾನೆಟ್ಟಿನ ಮೇಲಿಟ್ಟರು, ತಗಡು ಇನ್ನೂ ಬೆಚ್ಚಗಿತ್ತು.
'ನಮ್ಮ ಸಮಕ್ಷಮ' ಎಂದು ಶುರು,
'ಓದಿಸಿ ಕೇಳಲಾಗಿ ಸರಿಯಿದೆ' ಎಂದು ಕೊನೆ.
ನಡುವಿನದನ್ನು ನಾನು ಓದಲಿಲ್ಲ.
ಕನ್ನಡಕ ಅಂಗಡಿಯಲ್ಲೇ ಬಿಟ್ಟಿದ್ದೆ
ಅಂತ ಇವತ್ತಿಗೂ ಹೇಳಿಕೊಳ್ಳುತ್ತೇನೆ.
ಜೇಬಿನಲ್ಲಿತ್ತು.

ಎಂಟಕ್ಕೆ ಟೀ ಅಂಗಡಿಯ ಟೀವಿಯಲ್ಲಿ ಪಟಾಕಿ.
ಸರಗಳ್ಳನಿಗೆ ಗುಂಡಿನ ಪಾಠ, ಖಾಕಿ ಖದರು,
ನಾಲ್ಕು ಕಿಟಕಿಯಲ್ಲಿ ನಾಲ್ಕು ಮುಖ.
ಒಬ್ಬರು ಹಕ್ಕು ಅಂದರು,
ಒಬ್ಬರು ಹೆಣ್ಣುಮಕ್ಕಳ ಕೊರಳು ಅಂದರು,
ಕಾನೂನು ಗೊತ್ತಿದ್ದ ಒಬ್ಬರು ಕಲಂ ಹೇಳುವಷ್ಟರಲ್ಲಿ
ಸೋಪಿನ ಜಾಹೀರಾತು ಬಂತು.
ಗ್ಲಾಸು ಹಿಡಿದವರೆಲ್ಲ ಹೌದ್ಹೌದು ಅಂದರು,
ಮೂವರಿಗೂ.
ಚಾಕು ಒಂದಿತ್ತೆಂದು ನನಗೆ ಗೊತ್ತಾದದ್ದು
ಅಲ್ಲೇ, ಆ ಟೀವಿ ನೋಡಿ.
ನಮ್ಮ ಸಮಕ್ಷಮ ಸಿಕ್ಕ ಚಾಕು.

ಹಾಗಂತ ಲೋಕಿ ಹಾಲುಗಲ್ಲದ ಹುಡುಗನೇನಲ್ಲ.
ಎರಡನೇ ಕ್ರಾಸಿನ ವಿಶಾಲಾಕ್ಷಿ ಟೀಚರು
ಈಗಲೂ ಕತ್ತು ಹೊರಳಿಸಲಾರರು;
ಸರ ಎಳೆದಾಗ ಬಿದ್ದದ್ದು ಚರಂಡಿಯ ಚಪ್ಪಡಿಗೆ.
ಪೇದೆ ಬೋರಲಿಂಗಯ್ಯ ಆಸ್ಪತ್ರೆ ಬಿಲ್ಲು ಜೆರಾಕ್ಸಿಗೆ ತಂದ.
ಮುಂಗೈಗೆ ಆರು ಹೊಲಿಗೆ. ನಿಜವಾದ ಹೊಲಿಗೆ, ಕೀವು ಕಟ್ಟಿತ್ತು.
'ಯಾವುದರಿಂದ ಆಯ್ತು ಸಾರ್?' ಅಂದೆ.
ಸುಮ್ಮನೆ ನನ್ನ ಮುಖ ನೋಡಿದ:
'ನೀನೇ ಸಹಿ ಹಾಕಿದೀಯಲ್ಲಪ್ಪ.'

ತಿಂಗಳು ಕಳೆದು ಚೆನ್ನಾಜಮ್ಮ ಬಂದಳು, ಲೋಕಿ ತಾಯಿ.
ಬಟ್ಟೆ ಅಂಗಡಿಯ ಕವರಿನಲ್ಲಿ ಆಧಾರು,
ಒಂಬತ್ತನೇ ಕ್ಲಾಸಿನ ಟೀಸಿ, ವಿಕ್ಟೋರಿಯಾ ಆಸ್ಪತ್ರೆಯ ಚೀಟಿ
(ಎಡಗಾಲು, ಮಂಡಿಯಿಂದ ಕೆಳಗೆ, ತೆಗೆಯಲಾಗಿದೆ),
ಕೊನೆಗೆ ಅದು.
'ವಕೀಲ್ರು ಐದೈದು ಕಾಪಿ ಅಂದವ್ರೆ.'

ಗಾಜಿನ ಮೇಲೆ ಮಗುಚಿದೆ. ಹಸಿರು ಬೆಳಕು ಸರಿದುಹೋಯಿತು
ಶಾಂತರಾಜು ಬಿನ್ ಲೇಟ್ ಗಂಗಹನುಮಯ್ಯನ ಮೇಲೆ,
ನಲವತ್ತೇಳು ವರ್ಷ, ಜೆರಾಕ್ಸ್ ಅಂಗಡಿ, ಸುಂಕದಕಟ್ಟೆ.
ಒಂದು ಸಹಿ ಐದಾಗಿ ಹೊರಬಂತು,
ಕೈಗೆ ಬೆಚ್ಚಗೆ, ಬಾನೆಟ್ಟಿನಷ್ಟೇ.

ಇದೇ ಗಾಜಿನ ಮೇಲೆ ಹನ್ನೊಂದು ವರ್ಷದಿಂದ
ಲಾ ಕಾಲೇಜು ಮಕ್ಕಳ ನೋಟ್ಸು ಹಾದುಹೋಗುತ್ತಿದೆ.
ಇಪ್ಪತ್ತೊಂದನೇ ವಿಧಿ, ಇಪ್ಪತ್ತೆರಡನೇ ವಿಧಿ,
ಪುಟಕ್ಕೆ ಎರಡು ರೂಪಾಯಿ, ಎರಡೂ ಬದಿಗಾದರೆ ಮೂರು.
ಮಸುಕಾಗಿದೆಯೇ, ಅಂಚು ಕತ್ತರಿಸಿದೆಯೇ,
ನೋಡಿದ್ದು ಅಷ್ಟೇ.

'ಅಣ್ಣಾ, ಇದ್ರಲ್ಲಿ ಸಹಿ ಹಾಕಿರೋರು ಇಬ್ರಂತೆ.
ಅವ್ರುನ್ನ ಹುಡುಕು ಅಂದವ್ರೆ. ನಂಗೆ ಓದಕ್ಕೆ ಬರಲ್ಲ,
ಯಾರು ಅಂತ ಸ್ವಲ್ಪ ನೋಡು.'

ಅವಳ ಹಿಂದೆ ಪಾಸ್‌ಪೋರ್ಟ್ ಫೋಟೋಗೆ ಇಬ್ಬರು ಕಾಯುತ್ತಿದ್ದರು.
ಆಚೆ ಅಕ್ರಮ್ ಟ್ಯೂಬನ್ನು ನೀರಲ್ಲಿ ಮುಳುಗಿಸಿ
ಗುಳ್ಳೆ ಎಲ್ಲಿಂದ ಏಳುತ್ತದೆಂದು ನೋಡುತ್ತ ಕೂತಿದ್ದ.

ಜೇಬಿನಿಂದ ಕನ್ನಡಕ ತೆಗೆದೆ. ಅಂಗಿಯ ಚುಂಗಿಗೆ ಒರೆಸಿದೆ.
ಮತ್ತೆ ಒರೆಸಿದೆ.
ಮೊದಲ ಸಾಲಿನಿಂದಲೇ ಓದತೊಡಗಿದೆ, ಅವಳಿಗೆ ಕೇಳುವಂತೆ,
ನನಗೂ.
ಸಹಿ ಇರುವುದು ಮೂರನೇ ಪುಟದಲ್ಲಿ.