ಒಂದು ಮಾರು

ಕಡತದಲ್ಲಿ ಮೀನಿಲ್ಲ, ಉಪ್ಪಿಲ್ಲ, ಕಾಳಿ ನದಿಯೂ ಇಲ್ಲ.
ಎರಡು ಸಾವಿರದ ಮುನ್ನೂರ ಹದಿನಾರು ಸಾಲು ಅಂಕಿ,
ನೆತ್ತಿಯ ಮೇಲೆ ಹನ್ನೊಂದು ತಲೆಬರಹ.
ಶುಕ್ರವಾರ ಇದು ಲೋಕಕ್ಕೆಲ್ಲ ಬಿಡುಗಡೆ.
ಅಷ್ಟರೊಳಗೆ ಒಂದೊಂದು ತಲೆಬರಹವನ್ನೂ ನಿಲ್ಲಿಸಿ
ನೀನು ಯಾರು, ಎಲ್ಲಿಯದು, ಯಾವ ಅಳತೆ
ಎಂದು ಕೇಳಿ ಬರೆದಿಡುವುದು ನನ್ನ ಪಾಲಿನ ಕೆಲಸ.
ಕೋಡಿಬಾಗದ ಕಚೇರಿಯಲ್ಲಿ ಮೆಟಾಡೇಟಾ ಎನ್ನುತ್ತೇವೆ.
ಅಮ್ಮನಿಗೆ ಮಾತ್ರ
ಉಪ್ಪಿನಕಾಯಿ ಭರಣಿಗೆ ಚೀಟಿ ಅಂಟಿಸೋದು ಎಂದಿದ್ದೆ.
"ಅದ್ಕೂ ಪಗಾರ ಕೊಡ್ತಾರಾ?" ಎಂದಳು.

ಬೆಳಿಗ್ಗೆ ಸಿಕ್ಕಿದ್ದು ಸಣ್ಣ ತಪ್ಪು:
ಅಕ್ಷಾಂಶದ ಮನೆಯಲ್ಲಿ ರೇಖಾಂಶ ಕೂತಿತ್ತು.
ನಕ್ಷೆಗೆ ಹಾಕಿ ನೋಡಿದರೆ
ದೇವಬಾಗದ ನೊಗಲಿ, ಬೈತಖೋಲದ ಶೆಟ್ಲಿ
ನಾರ್ವೆಯಾಚೆ ಹಿಮಗಡಲಲ್ಲಿ ನಡುಗುತ್ತಿದ್ದವು.
ಅದಲುಬದಲು ಮಾಡಿದೆ. ಮನೆಗೆ ಬಂದವು.

ಆಮೇಲೆ ನೀರಿನ ಉಷ್ಣತೆ:
ಮೈನಸ್ ಒಂಬೈನೂರ ತೊಂಬತ್ತೊಂಬತ್ತು.
ಅಷ್ಟು ಚಳಿ ಬ್ರಹ್ಮಾಂಡದಲ್ಲೇ ಇಲ್ಲ;
ಅಳೆದಿಲ್ಲ ಎನ್ನಲು ನಾಚುವವರ ಅಂಕಿ ಅದು.
ಆರು ವಾರ ಒಂದೇ ಸಮನೆ ಅದೇ.
ಥರ್ಮಾಮೀಟರು ಒಡೆದಿತ್ತೆ? ಗಾಳಿಯೆದ್ದಿತ್ತೆ?
ಕಡತ ಬಾಯಿಬಿಡಲಿಲ್ಲ.
'ಕಾರಣ: ಗೊತ್ತಿಲ್ಲ' ಎಂದು ಬರೆದು ಚಹಾ ಕುಡಿದೆ.

ಏಳನೆಯ ಕಂಬಸಾಲು, ಆಳ.
ಎರಡು, ಮೂರೂವರೆ, ನಾಲ್ಕು, ಒಂದೂಕಾಲು.
ಏನು ನಾಲ್ಕು? ಮೀಟರೆ, ಅಡಿಯೆ, ಆಳೆ?
ಧಾರವಾಡಕ್ಕೆ ಬರೆದೆ. ಸಂಜೆಗೆ ಉತ್ತರ ಬಂತು:
'ದೋಣಿಯವನು ಹಗ್ಗ ಬಿಟ್ಟು ಮಾರಿನಲ್ಲಿ ಅಳೆದದ್ದು.
ಮಾರಿಗೆ ಒಂದು ಮೀಟರ್ ಎಂಬತ್ಮೂರು ಹಾಕಿ ಮುಗಿಸಿ.'

ಮಾರು ಎಂದರೆ ಎರಡು ತೋಳು ಚಾಚಿದಷ್ಟು.
ಯಾರ ತೋಳು?

ಸಂಗ್ರಾಹಕ ಎಂಬಲ್ಲಿ 'ಸಹಾಯಕ-೨' ಎಂದಿತ್ತು.
ಹಳೆಯ ಕೂಲಿ ವೋಚರಿನಲ್ಲಿ ಅವನಿಗೊಂದು ಹೆಸರೂ ಇತ್ತು:
ಪುರ್ಸು ತಾಂಡೇಲ, ಬೈತಖೋಲ.
ಹೋದೆ. ಅವನು ಹೋಗಿ ನಾಲ್ಕು ವರ್ಷ.
ಶೇವಂತಿ ಬಾಗಿಲಲ್ಲೇ ನಕ್ಕಳು:
"ಗಿಡ್ಡ ಇದ್ರು ಬಾಯಿ.
ಮದುವೆ ಫೋಟೋಕ್ಕೆ ಇಟ್ಟಿಗೆ ಮೇಲೆ ನಿಲ್ಸಿದ್ರು."

ಹಗ್ಗ ಹಿತ್ತಲಲ್ಲಿತ್ತು, ಬಟ್ಟೆ ಒಣಹಾಕಲು.
ತೆಂಗಿನ ನಾರು, ನಡುನಡುವೆ ಗಂಟು,
ಗಂಟಿಗೂ ಗಂಟಿಗೂ ಒಂದೊಂದು ಸೀರೆ.
ಸೀರೆ ಸರಿಸಿದಳು, ಟೇಪು ಹಿಡಿದೆ:
ನೂರ ಅರುವತ್ತೊಂದು, ನೂರ ಐವತ್ತೊಂಬತ್ತು, ನೂರ ಅರುವತ್ತೆರಡು.
ಮಳೆಗೆ ಕುಗ್ಗಿದ್ದೆಷ್ಟು, ಸೀರೆಭಾರಕ್ಕೆ ಹಿಗ್ಗಿದ್ದೆಷ್ಟು,
ಅದನ್ನೂ ಟಿಪ್ಪಣಿಯಲ್ಲಿ ಸೇರಿಸಬೇಕು.
"ಈ ಹೊಸ್ತಿಲಲ್ಲೇ ಕೈ ಚಾಚಿ ನಿಂತಿದ್ರು,
ಗಂಟು ಹಾಕಿದ್ದು ನಾನು.
ಅಲ್ಲಾಡಬ್ಯಾಡಿ ಅಂದ್ರೆ ಕೇಳ್ತಿರ್ಲಿಲ್ಲ, ನಗ್ತಿದ್ರು."
ಎರಡು ಸೆಂಟಿಮೀಟರಿನ ಏರುಪೇರು ಅದಿರಬೇಕು.

ಹೊರಡುವಾಗ ಆ ಆರು ವಾರದ ಮಾತೆತ್ತಿದೆ.
ಯಾವ ವರ್ಷ, ಯಾವ ತಿಂಗಳು ಎಂದೆ.
ಅವಳು ಸೀರೆಯ ಅಂಚು ಎಳೆದು ಸರಿಮಾಡಿದಳು,
ಇನ್ನೊಂದರದ್ದೂ ಸರಿಮಾಡಿದಳು,
ಆಮೇಲೆ ಹೇಳಿದಳು.

ರಾತ್ರಿ ಲೆಕ್ಕ ತಿದ್ದಿದೆ.
ನಾಲ್ಕು ಮಾರು ಇದ್ದಲ್ಲಿ ನದಿಯ ತಳ
ಧಾರವಾಡದವರು ಹೇಳಿದ್ದಕ್ಕಿಂತ ಎರಡು ಮೊಳ ಮೇಲೆ ಬಂತು.
ಸಂಗ್ರಾಹಕರು ಎಂಬಲ್ಲಿ ಎರಡು ಹೆಸರು ತುಂಬಿದೆ.
ಹದಿನಾರು ಅಂಕಿಯ ಸಂಶೋಧಕ ಗುರುತು ಕೊಡಿ ಎಂದು
ಪರದೆ ಎರಡು ಬಾರಿ ಕೆಂಪಾಯಿತು.
ಇಲ್ಲ ಎಂದೆ. ಕೆಂಪಾಗೇ ಇರಲಿ.

ಕೊನೆಗೆ ಉಷ್ಣತೆಯ ಕಾಲಮಿಗೆ ಮರಳಿದೆ.
'ಕಾರಣ: ಗೊತ್ತಿಲ್ಲ'
ಈಗ ಅದು ಸುಳ್ಳು, ಹಾಗೆ ಬಿಡುವಂತಿಲ್ಲ.
ಅಳಿಸಿ ಬರೆದೆ:
ಕಾರಣ ಗೊತ್ತಿದೆ.
ಬಿಡುಗಡೆಗಲ್ಲ.