ಅರ್ಧ ಟಿಕೆಟ್ಟಿನ ಗೆರೆ

ಮುಂಬಾಗಿಲ ಪಕ್ಕದ ಕಂಬಕ್ಕೆ ಡಿಪೋದವರು
ಬಳಿದ ಹಳದಿ ಗೆರೆ.
ನನ್ನ ಸೊಂಟದಿಂದ ಒಂದು ಗೇಣು ಮೇಲೆ.
ಹನ್ನೊಂದು ವರ್ಷ ಮಕ್ಕಳನ್ನು ಅದಕ್ಕೆ ಬೆನ್ನು ಹಚ್ಚಿ ನಿಲ್ಲಿಸಿ
ತಲೆಯ ಮೇಲೆ ಅಂಗೈ ಚಪ್ಪಟೆ ಇಟ್ಟು
ತೀರ್ಪು ಕೊಟ್ಟಿದ್ದೇನೆ.

ಮಂಡಿ ಬಗ್ಗಿಸುವವರು ಗೊತ್ತು. ಜುಟ್ಟು ಒತ್ತಿ ಹಿಡಿಯುವವರು ಗೊತ್ತು.
ಅಮ್ಮನ ಸೆರಗಲ್ಲಿ ಅರ್ಧ ಮಡಚಿಕೊಂಡು
ನಿದ್ದೆಯ ನಾಟಕ ಆಡುವವರೂ ಗೊತ್ತು.
‘ನಾಲ್ಕೇ ವರ್ಷ ಸಾರ್, ದೇವರಾಣೆಗೂ.’
ನಾಲ್ಕು ವರ್ಷ ಎಂಬುದು ಈ ಊರಲ್ಲಿ
ಎಲ್ಲರೂ ಹೇಳುವ ಸುಳ್ಳು ಅಂತಲೇ ನನ್ನ ಲೆಕ್ಕ.

ನನ್ನ ಪುಟ್ಟಮಾದನಿಗೆ ನಾಲ್ಕು ವರ್ಷ, ಎರಡು ತಿಂಗಳು.
ಗೆರೆ ಅವನ ಹುಬ್ಬಿನ ಮಟ್ಟಕ್ಕೆ ಬರುತ್ತದೆ.

ಹುಟ್ಟಿದಾಗ ವಾಣಿವಿಲಾಸದ ತಕ್ಕಡಿ
ನಾಲ್ಕು ಮುಕ್ಕಾಲು ಕೇಜಿ ತೋರಿಸಿ, ಆಯಾಗಳೆಲ್ಲ ಬಂದು
ಕೆನ್ನೆ ಹಿಂಡಿ ‘ಗರಡಿಮನೆಗೆ ಸೇರಿಸಿ’ ಅಂದರು.
ಸುಂಕದಕಟ್ಟೆಯ ಬೀದಿಗೆಲ್ಲ ಮೈಸೂರುಪಾಕು ಹಂಚಿದೆ.
ನಮ್ಮಪ್ಪನ ಹೆಸರೇ ಇಟ್ಟೆ. ಪುಟ್ಟ ಎಂಬುದು
ಒಂದು ದಿನ ನನ್ನನ್ನೇ ಅಣಕಿಸೀತೆಂದು ತೋಚಲಿಲ್ಲ.

ಅಂಗಿ ತಿಂಗಳಿಗೊಂದು ಗಿಡ್ಡವಾಯಿತು. ಕುತ್ತಿಗೆ ನಿಲ್ಲಲಿಲ್ಲ.
ಪಕ್ಕದ ಮನೆಯ ಕೂಸು ತೆವಳಿ, ನಿಂತು, ಓಡಿ,
ನಮ್ಮ ಗೇಟಿನ ಚಿಲಕ ತೆಗೆಯುವ ಹೊತ್ತಿಗೆ
ಇವನು ಆಗಷ್ಟೇ ಗೋಡೆ ಹಿಡಿದಿದ್ದ.
ಆಮೇಲೆ ಒಂದು ರಾತ್ರಿ ಫಿಟ್ಸು.
ಸೆಕೆಂಡ್ ಶಿಫ್ಟ್ ಮುಗಿಸಿ ಬಂದವನು ಯೂನಿಫಾರ್ಮಿನಲ್ಲೇ
ಆಟೋದಲ್ಲಿ ತೊಡೆಯ ಮೇಲೆ ಅಡ್ಡ ಹಾಕಿಕೊಂಡೆ.
ಕಾಲು ಹೊರಗೇ ಉಳಿದವು.

ನಿಮ್ಹಾನ್ಸಿನ ಚಿಕ್ಕ ವಯಸ್ಸಿನ ಡಾಕ್ಟರಮ್ಮ
ತಲೆಗೆ ಟೇಪು ಸುತ್ತಿ, ಹಾಳೆಯ ಬಾಗಿದ ಗೆರೆಗಳಾಚೆ
ಬರೀ ಬಿಳಿ ಜಾಗದಲ್ಲಿ ಒಂದು ಚುಕ್ಕೆ ಇಟ್ಟರು.
ಸೋಟೋಸ್ ಅಂದರು. ಯಾವುದೋ ಹೊಸ ಲೇಔಟಿನ
ಕೊನೇ ಸ್ಟಾಪಿನ ಹೆಸರಿನ ಹಾಗೆ ಕೇಳಿಸಿತು.
‘ಎಷ್ಟು ದಿನಕ್ಕೆ ವಾಸಿ ಮೇಡಂ?’
ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.

ಕೈಯ ಎಕ್ಸರೇ ಪ್ರಕಾರ ಮೂಳೆಗೆ ಏಳು.
ಆಧಾರಿನಲ್ಲಿ ನಾಲ್ಕು.
ಮಾತಿಗೆ ಒಂದೂವರೆ.
ಯಾವ ವಯಸ್ಸಿಗೆ ಟಿಕೆಟ್ ಹರಿಯಲಿ ಸ್ವಾಮಿ?

ಬುಧವಾರ ಬುಧವಾರ ಥೆರಪಿಗೆ
ಕೆಂಪಮ್ಮಣ್ಣಿ ಕರೆದೊಯ್ಯುತ್ತಾಳೆ.
ಅವಳದು ಸೊನ್ನೆ ರೂಪಾಯಿ ಟಿಕೆಟ್ಟು. ಅವನದ್ದಲ್ಲ.
‘ಕುದುರೆಯಂಥ ಹುಡುಗನ್ನ ತೊಡೆ ಮೇಲೆ ಕೂರಿಸ್ಕೊಂಡು
ನಾಲ್ಕು ಅಂತೀಯಲ್ಲಮ್ಮ’ ಅಂದನಂತೆ ಯಾವನೋ, ನನ್ನಂಥವನು.
ಬಸ್ಸೆಲ್ಲ ನಕ್ಕಿತಂತೆ.
ಗಂಡನೂ ಕಂಡಕ್ಟರು ಅನ್ನಲಿಲ್ಲ ಅವಳು. ಆಸ್ಪತ್ರೆ ಫೈಲು ಬಿಚ್ಚಲಿಲ್ಲ.
ಚಿಲ್ಲರೆ ಎಣಿಸಿ ಕೊಟ್ಟಳು.

ಇಷ್ಟು ಹೇಳಿ ಅಕ್ಕಿ ಕೇರುತ್ತ ಕೂತಳು.
ನಾನು ಅಂಗಿಯ ಬಿಲ್ಲೆ ಬಿಚ್ಚುತ್ತಿದ್ದೆ.
ಎರಡು ವರ್ಷದ ಹಿಂದೆ ಸುಮನಹಳ್ಳಿಯಲ್ಲಿ ಹತ್ತಿದ್ದ
ಒಬ್ಬಾಕೆ ನೆನಪಾದಳು. ನೇರಳೆ ಸೀರೆ.
ಜೊಲ್ಲು ಸುರಿಸುವ ಉದ್ದನೆಯ ಹುಡುಗ,
ನನ್ನ ಚರ್ಮದ ಚೀಲದ ಪಟ್ಟಿ ಹಿಡಿದವನು ಬಿಡಲೊಲ್ಲ.
‘ಮಗನ ಜೊತೆ ಸುಳ್ಳೂ ಬೆಳೆದಿದೆ’ ಅಂದಿದ್ದೆ.
ಡ್ರೈವರ್ ಅಲ್ತಾಫಣ್ಣ ಸ್ಟೇರಿಂಗ್ ಬಡಿದು ನಕ್ಕಿದ್ದ.
ಆ ಮಾತನ್ನು ಡಿಪೋದಲ್ಲೂ ಹೇಳಿಕೊಂಡಿದ್ದೆ, ಎರಡು ಸಲ.

ಸುಮನಹಳ್ಳಿ ಬಂದಾಗಲೆಲ್ಲ ಹಿಂಬಾಗಿಲಿಂದ ಕತ್ತು ಚಾಚುತ್ತೇನೆ.
ನೇರಳೆ ಸೀರೆಗಳು ಬಹಳ ಇವೆ.

ಗೆರೆ ಅಲ್ಲೇ ಇದೆ. ಚೆಕಿಂಗಿನವರು ಹತ್ತಿದರೆ ಮೆಮೋ,
ಹಾಗಾಗಿ ಟಿಕೆಟ್ ಕೊಡುತ್ತೇನೆ.
ಅಂಗೈ ಮಾತ್ರ ಇಡುವುದಿಲ್ಲ.

ಪುಟ್ಟಮಾದನಿಗೆ ಈಗ ಮೂರು ಮಾತು.
ಅಮ್ಮ. ಉಪ್ಪು. ಯಾಕೆ ಉಪ್ಪು, ನಮಗೂ ಗೊತ್ತಿಲ್ಲ.
ಮೂರನೆಯದು, ರಾತ್ರಿ ನಾನು ಬಂದು ಸೀಟಿ ಊದಿದರೆ,
ಬಾಗಿಲಿಗೆ ಎರಡು ಬಡಿದು, ಇಡೀ ವಠಾರಕ್ಕೆ ಕೇಳುವಂತೆ
ರೈಟ್ ಹೇಳಲು ಹೋಗಿ,
ಲೈಟ್, ಲೈಟ್.

ಎದುರು ಮನೆಯ ಅಜ್ಜಿ ಪಾಪ
ಎದ್ದು ದೀಪ ಹಾಕುತ್ತಾರೆ.